ಮಕ್ಕಳಿಗೆ ಫೋಟೋ ಕ್ಲಾಸ್ ಮಾಡಬೇಕಾ? ಮೊದಲ ದಿನ ಕ್ಯಾಮೆರಾ ಕೊಡಬೇಡಿ

ರಜೆ ಬಂತು ಅಂದರೆ ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಮಕ್ಕಳಿಗೆ ಒಂದಲ್ಲ ಒಂದು ಶಿಬಿರ ಇದ್ದೇ ಇರುತ್ತದೆ. ಚಿತ್ರ ಬರೆಯುವುದು, ನಾಟಕ, ಯಕ್ಷಗಾನದ ಹೆಜ್ಜೆ ಎಲ್ಲ ಕಲಿಸುತ್ತಾರೆ. ಫೋಟೋ ತೆಗೆಯುವುದನ್ನು ಕೂರಿಸಿಕೊಂಡು ಕಲಿಸುವವರು ಕಡಿಮೆ. ಮೊಬೈಲ್ ಹೇಗೂ ಕೈಯಲ್ಲೇ ಇದೆ, ಅದರಲ್ಲಿ ಕಲಿಸುವುದೇನು ಅನ್ನುತ್ತಾರೆ ದೊಡ್ಡವರು. ನಾನು ನಾಲ್ಕು ವರ್ಷದಿಂದ ದಸರಾ ರಜೆಯಲ್ಲಿ ನಮ್ಮ ಮನೆಯ ಜಗಲಿಯಲ್ಲೇ ಐದು ದಿನದ ಕ್ಲಾಸ್ ಮಾಡುತ್ತಿದ್ದೇನೆ. ನಿಮ್ಮೂರಲ್ಲೂ ಒಂದು ಮಾಡಬೇಕು ಅಂತಿದ್ದರೆ ಇದನ್ನು ಓದಿ.

ಮೊದಲ ವರ್ಷ ನಾನು ಬೋರ್ಡ್ ಮೇಲೆ ಅಪರ್ಚರ್ (ಬೆಳಕು ಬರುವ ತೂತು), ಶಟರ್ (ಬೆಳಕು ಒಳಗೆ ಬಿಡುವ ಹೊತ್ತು), ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಅಂತ ತ್ರಿಕೋನ ಬರೆದು ಶುರು ಮಾಡಿದೆ. ಅರ್ಧ ಗಂಟೆಗೆಲ್ಲ ಮಕ್ಕಳ ಕಣ್ಣು ಅಂಗಳದ ಕಡೆ ಹೋಗಿತ್ತು. ಮರುದಿನ ಎಲ್ಲರ ಕೈಗೂ ಫೋನ್ ಕೊಟ್ಟೆ. ಒಬ್ಬೊಬ್ಬರೂ ಇನ್ನೂರು ಫೋಟೋ ಹೊಡೆದುಕೊಂಡು ಬಂದರು, ಅದರಲ್ಲಿ ಒಂದನ್ನೂ ಅವರೇ ತಿರುಗಿ ನೋಡಲಿಲ್ಲ. ಅವತ್ತು ರಾತ್ರಿ ಕೂತು ಎಲ್ಲ ಬದಲಾಯಿಸಿದೆ. ಕ್ಯಾಮೆರಾ ತಡವಾಗಿ ಕೊಡುವುದು, ಫೋಟೋ ಕಡಿಮೆ ತೆಗೆಸುವುದು, ಅದರ ಬದಲು ಬೆಳಕನ್ನು ಜಾಸ್ತಿ ನೋಡಿಸುವುದು. ಅಲ್ಲಿಂದ ಈಚೆಗೆ ಕ್ಲಾಸ್ ದಾರಿಗೆ ಬಂತು.

ಯಾವಾಗ, ಎಷ್ಟು ಮಕ್ಕಳು

ಮಲೆನಾಡಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಐದು ದಿನದ ಹೊರಗಿನ ಕೆಲಸ ಅಂತ ಗಟ್ಟಿಯಾಗಿ ಹೇಳುವ ಹಾಗಿಲ್ಲ. ಏಪ್ರಿಲ್, ಮೇನಲ್ಲಿ ರಜೆ ಉದ್ದ ಸಿಗುತ್ತದೆ, ಆದರೆ ಒಂಬತ್ತು ಗಂಟೆ ದಾಟಿದರೆ ಬಿಸಿಲು ಕಣ್ಣು ಕುಕ್ಕುತ್ತದೆ, ಸಂಜೆ ಗುಡುಗು ಮಳೆ ಬೇರೆ. ನನ್ನ ಲೆಕ್ಕದಲ್ಲಿ ದಸರಾ ರಜೆಯೇ ಒಳ್ಳೆಯದು. ಮಳೆ ಹಿಂದೆ ಸರಿಯುತ್ತಿರುತ್ತದೆ, ಹಸಿರು ಇನ್ನೂ ಮಾಸಿರುವುದಿಲ್ಲ, ಬೆಳಗ್ಗೆ ಇಬ್ಬನಿ ಇರುತ್ತದೆ, ಬೇಗ ಕೊಯ್ಲು ಹಿಡಿಯುವ ತೋಟಗಳಲ್ಲಿ ಅಡಿಕೆ ಕೆಲಸವೂ ಶುರುವಾಗಿರುತ್ತದೆ. ಬೆಳಗ್ಗೆ ಏಳೂವರೆಯಿಂದ ಹತ್ತು ಗಂಟೆ ಸಾಕು. ಅದಕ್ಕಿಂತ ಎಳೆದರೆ ಮಕ್ಕಳಿಗೂ ಸಾಕಾಗುತ್ತದೆ, ಬೆಳಕೂ ಕೆಡುತ್ತದೆ.

ಒಂಬತ್ತರಿಂದ ಹದಿಮೂರು ವರ್ಷದವರು ಇರಲಿ. ಒಬ್ಬರೇ ಕಲಿಸುವುದಾದರೆ ಎಂಟು ಮಕ್ಕಳು, ಜೊತೆಗೆ ಇನ್ನೊಬ್ಬರು ದೊಡ್ಡವರಿದ್ದರೆ ಹನ್ನೆರಡು. ಹದಿನೈದು ಜನರನ್ನು ಸೇರಿಸಿಕೊಂಡು ಎಲ್ಲರ ಫೋಟೋ ನೋಡಿ ಮಾತಾಡಲು ಆಗುವುದೇ ಇಲ್ಲ, ಆ ಮಾತೇ ಅಲ್ವಾ ಕ್ಲಾಸು. ಅಪ್ಪ ಅಮ್ಮಂದಿರಿಂದ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ: ಮಗು ಕ್ಲಾಸಿಗೂ ಹೊರಗಡೆಗೂ ಬರಬಹುದು, ಮಗುವಿನ ಫೋಟೋ ಯಾರಾದರೂ ತೆಗೆದರೆ ಅದನ್ನು ಎಲ್ಲಿ ಬಳಸಬಹುದು, ಎಲ್ಲಿ ಬಳಸಬಾರದು. ಮಕ್ಕಳ ಮುಖ, ಹೆಸರು, ಶಾಲೆ ಮೂರನ್ನೂ ಸೇರಿಸಿ ಎಲ್ಲೂ ಹಾಕಬೇಡಿ.

ಕ್ಯಾಮೆರಾ ಎಲ್ಲಿಂದ

ಹೊಸದು ಕೊಳ್ಳಬೇಡಿ. ಪ್ರತಿ ಮನೆಯ ಡ್ರಾಯರಿನಲ್ಲೂ ಒಂದು ಹಳೇ ಸ್ಮಾರ್ಟ್‌ಫೋನ್ ಬಿದ್ದಿರುತ್ತದೆ. ಗ್ಲಾಸ್ ಮೂಲೆಯಲ್ಲಿ ಒಡೆದಿದ್ದರೂ ಪರವಾಗಿಲ್ಲ, ಲೆನ್ಸ್ ಮೇಲಿನ ಗಾಜು ಮಾತ್ರ ಚೆನ್ನಾಗಿರಬೇಕು. ಕೊಡುವವರಿಗೆ ಒಂದು ಮಾತು ಹೇಳಿ: ಒಳಗಿರುವ ತಮ್ಮ ಫೋಟೋ, ಮೆಸೇಜ್ ಎಲ್ಲ ತೆಗೆದಿಟ್ಟುಕೊಂಡು, ರೀಸೆಟ್ ಮಾಡಿಯೇ ಕೊಡಲಿ. ಸಿಮ್ ಬೇಡ, ಏರೋಪ್ಲೇನ್ ಮೋಡ್ ಹಾಕಿಡಿ. ಗೇಮೂ ಇಲ್ಲ, ರೀಲ್ಸೂ ಇಲ್ಲ ಅಂದಾಗ ಫೋನು ಬರೀ ಕ್ಯಾಮೆರಾ ಆಗುತ್ತದೆ. ಸೆಟ್ಟಿಂಗ್ಸಿನಲ್ಲಿ ಗ್ರಿಡ್ ಗೆರೆ (ಪರದೆಯನ್ನು ಒಂಬತ್ತು ಭಾಗ ಮಾಡುವ ಅಡ್ಡ, ಉದ್ದ ಗೆರೆಗಳು) ಆನ್ ಮಾಡಿ, ಲೊಕೇಶನ್ ಆಫ್ ಮಾಡಿ, ಫ್ಲ್ಯಾಶ್ ಆಫ್ ಮಾಡಿ. ಹಿಂದಿನ ಕವರಿನ ತೂತಿಗೆ ಐಡಿ ಕಾರ್ಡಿನ ಟ್ಯಾಗ್ ಕಟ್ಟಿ ಕುತ್ತಿಗೆಗೆ ಹಾಕಿಸಿ. ಇದನ್ನು ಮರೆತರೆ ಮೊದಲ ಗಂಟೆಯಲ್ಲೇ ಒಂದು ಫೋನ್ ಕೆಳಗೆ ಬೀಳುತ್ತದೆ.

ಇಬ್ಬರಿಗೆ ಒಂದು ಫೋನ್. ಕೊರತೆ ಅಂತ ಅಲ್ಲ, ಬೇಕಂತಲೇ ಹಾಗೆ. ಒಬ್ಬರು ತೆಗೆಯುವಾಗ ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡುತ್ತಾರೆ, "ಏಯ್, ಅಜ್ಜನ ತಲೆ ಮೇಲೆ ಕಂಬ ಬಂತು ನೋಡು" ಅನ್ನುತ್ತಾರೆ. ನೀವು ಹತ್ತು ಸಲ ಹೇಳಿದರೂ ತಲೆಗೆ ಹೋಗದ್ದು ಜೊತೆಗಾರ ಒಂದು ಸಲ ಹೇಳಿದರೆ ಹೋಗುತ್ತದೆ.

ಲೆನ್ಸ್ ಒರೆಸಲು ಹಳೇ ಹತ್ತಿ ಪಂಚೆಯ ತುಂಡು ಒಂದೊಂದು ಕೊಡಿ. ಮಕ್ಕಳ ಫೋಟೋ ಮಬ್ಬಾಗುವುದಕ್ಕೆ ಮುಕ್ಕಾಲು ಪಾಲು ಕಾರಣ ಕೈಯ ಜಿಡ್ಡು. ನಿಮ್ಮ ಹತ್ತಿರ ಡಿಎಸ್ಎಲ್ಆರ್ (ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ) ಇದ್ದರೆ ಒಂದನ್ನು ತೋರಿಸಲು ಇಟ್ಟುಕೊಳ್ಳಿ, ಆದರೆ ನಮ್ಮ ತೇವಕ್ಕೆ ಅದರ ಲೆನ್ಸಿನೊಳಗೆ ಫಂಗಸ್ ಕೂರುತ್ತದೆ, ಗಾಜಿನ ಒಳಗೆ ಜೇಡರಬಲೆ ಹಾಗೆ ಕಾಣುತ್ತದಲ್ಲ, ಅದು. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಅಕ್ಕಿಯಲ್ಲಿ ಹೂತಿಡುವುದು ಬೇಡ, ಪುಡಿ ಒಳಗೆ ಹೋಗುತ್ತದೆ.

ಮೊದಲ ದಿನ: ಕತ್ತಲೆ ಕೋಣೆ

ಈ ದಿನಕ್ಕೆ ಹಂಚಿನ ಮನೆ ಸಿಕ್ಕರೆ ನಿಮ್ಮ ಅದೃಷ್ಟ. ಹಂಚಿನ ಸಂದಿಯಿಂದ ಬಿಸಿಲಕೋಲು ಇಳಿದು ನೆಲದ ಮೇಲೆ ದುಂಡಗೆ ಬಿಲ್ಲೆಯ ಹಾಗೆ ಬೀಳುವುದನ್ನು ಎಲ್ಲ ಮಕ್ಕಳೂ ನೋಡಿರುತ್ತಾರೆ. ಕೇಳಿ: ಸಂದಿ ದುಂಡಗಿದೆಯಾ? ಇಲ್ಲ, ಸೊಟ್ಟಗಿದೆ. ಹಾಗಾದರೆ ಬಿಲ್ಲೆ ಯಾಕೆ ದುಂಡಗಿದೆ? ಸುಮ್ನೆ ಬಿಡಿ, ಯೋಚನೆ ಮಾಡಲಿ. ಬಿಸಿಲಕೋಲಿಗೆ ಎದುರಾಗಿ ನೋಟ್‌ಪುಸ್ತಕ ಹಿಡಿಸಿ. ಆ ಬಿಲ್ಲೆ ಸೂರ್ಯನ ಚಿತ್ರ. ಸಂದಿಯಿಂದ ಹತ್ತು ಅಡಿ ದೂರದಲ್ಲಿ ಪುಸ್ತಕ ಹಿಡಿದರೆ ಅದು ಹೆಚ್ಚೂಕಡಿಮೆ ಒಂದು ಇಂಚು ಅಗಲ ಇರುತ್ತದೆ, ದೂರ ಹೋದಷ್ಟೂ ದೊಡ್ಡದಾಗುತ್ತದೆ. ತೆಳು ಮೋಡ ಅಡ್ಡ ಹೋದರೆ ಪುಸ್ತಕದ ಮೇಲೂ ಹೋಗುತ್ತದೆ. ಅಡಿಕೆ ತೋಟದ ನೆಲದ ಮೇಲೆ ಕಾಣುವ ದುಂಡು ದುಂಡು ಬಿಸಿಲಿನ ಚುಕ್ಕೆಗಳೂ ಅದೇ. ಅಂದರೆ ಕ್ಯಾಮೆರಾ ಅನ್ನುವುದು ಅವರ ಮನೆಯ ಮಾಡಿನಲ್ಲೇ ಮೊದಲಿಂದ ಇತ್ತು.

ಆಮೇಲೆ ಒಂದು ಕೋಣೆಯನ್ನು ಪೂರ್ತಿ ಕತ್ತಲು ಮಾಡಿ. ಕಿಟಕಿಗೆ ಕಂಬಳಿ, ಬಾಗಿಲ ಸಂದಿಗೆ ಗೋಣಿಚೀಲ. ಕಿಟಕಿಯ ಕಡೆ ಒಂದು ರಟ್ಟು ಸಿಕ್ಕಿಸಿ ಅದರಲ್ಲಿ ಬೆರಳು ತೂರುವಷ್ಟು ತೂತು ಮಾಡಿ. ಎದುರಿಗೆ ಒಂದೂವರೆ ಎರಡು ಮೀಟರ್ ದೂರದಲ್ಲಿ ಬಿಳಿ ಪಂಚೆ ಕಟ್ಟಿ. ಹೊರಗೆ ಒಳ್ಳೆ ಬಿಸಿಲಿರಬೇಕು, ಮೋಡ ಇದ್ದರೆ ಆಗುವುದಿಲ್ಲ, ಕಾಯಬೇಕು. ಮಕ್ಕಳನ್ನು ಒಳಗೆ ಕೂರಿಸಿ ಐದು ನಿಮಿಷ ಸುಮ್ಮನಿರಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ. ಹೋದ ವರ್ಷ ಐದನೇ ಕ್ಲಾಸಿನ ಒಬ್ಬ ಹುಡುಗ ಮೊದಲು ಕಂಡುಹಿಡಿದ. "ಅಣ್ಣಾ, ತೆಂಗಿನಮರ ತಲೆಕೆಳಗಾಗಿ ನಿಂತಿದೆ!" ಪಂಚೆಯ ಮೇಲೆ ನಮ್ಮ ಅಂಗಳ, ತುಳಸಿಕಟ್ಟೆ, ತೆಂಗಿನಮರ ಎಲ್ಲ ಬಣ್ಣದ ಸಮೇತ ತಿರುಗಾಮುರುಗಾ ಬಿದ್ದಿತ್ತು. ನಮ್ಮಮ್ಮ ಹೊರಗೆ ಬಟ್ಟೆ ಒಣಹಾಕಲು ಬಂದರು, ಪಂಚೆಯ ಮೇಲೆ ಕಾಲು ಮೇಲೆ ಮಾಡಿಕೊಂಡು ನಡೆದರು. ಆ ಕೋಣೆಯಲ್ಲಿ ಎದ್ದ ಕೂಗು ನನಗೆ ಈಗಲೂ ಕೇಳುತ್ತದೆ.

ಆ ಖುಷಿಯಲ್ಲೇ ವಿವರಿಸಿ, ಹಗುರಾಗಿ. ಬೆಳಕು ನೆಟ್ಟಗೆ ಹೋಗುತ್ತದೆ. ಮರದ ತುದಿಯಿಂದ ಹೊರಟದ್ದು ತೂತು ದಾಟಿ ಕೆಳಗೆ ಬೀಳುತ್ತದೆ, ಬುಡದಿಂದ ಹೊರಟದ್ದು ಮೇಲೆ. ಈಗ ತೂತನ್ನು ಪೆನ್ಸಿಲ್ ಗಾತ್ರಕ್ಕೆ ಚಿಕ್ಕದು ಮಾಡಿ. ಚಿತ್ರ ಚೂಪಾಯಿತು, ಆದರೆ ಮಂಕಾಯಿತು. ದೊಡ್ಡದು ಮಾಡಿ. ಬೆಳಕಾಯಿತು, ಆದರೆ ಕಲಸಿಹೋಯಿತು. ನಾನು ಬೋರ್ಡಿನ ಮೇಲೆ ಹೇಳಲಾಗದ ಅಪರ್ಚರ್‌ನ ಅರ್ಧ ಪಾಠ ಇಲ್ಲಿ ಹೇಳದೇ ಮುಗಿಯಿತು.

ದಿನದ ಉಳಿದ ಹೊತ್ತಿಗೆ ಹಳೇ ಲಗ್ನಪತ್ರಿಕೆಗಳು ಬೇಕು. ರಟ್ಟಿನ ನಡುವೆ ಮೂರು ಇಂಚು ಉದ್ದ, ಎರಡು ಇಂಚು ಅಗಲದ ಕಿಟಕಿ ಕತ್ತರಿಸಿ ಕೊಡಿ. ಒಂದು ಕಣ್ಣು ಮುಚ್ಚಿ ಅದರಲ್ಲಿ ನೋಡುತ್ತಾ ಅಂಗಳ ಸುತ್ತಲಿ. ಕಣ್ಣಿನ ಹತ್ತಿರ ಹಿಡಿದರೆ ಜಾಸ್ತಿ ಕಾಣುತ್ತದೆ, ಕೈ ಚಾಚಿದರೆ ಕಡಿಮೆ. "ನಿನ್ನ ಕಿಟಕಿಯೊಳಗೆ ಏನು ಬಂತು, ಏನನ್ನ ಹೊರಗೆ ಬಿಟ್ಟೆ?" ಅಂತ ಕೇಳಿ. ಇಷ್ಟೇ ಮೊದಲ ದಿನ. ಫೋನ್ ಯಾವಾಗ ಕೊಡುತ್ತೀರಿ ಅಂತ ಪೀಡಿಸುತ್ತಾರೆ. ನಾಳೆ ಅನ್ನಿ.

ಎರಡನೇ ದಿನ: ಜಗಲಿ

ಮಲೆನಾಡಿನ ಜಗಲಿಗಿಂತ ಒಳ್ಳೆಯ ಸ್ಟುಡಿಯೋ ನಾನು ನೋಡಿಲ್ಲ. ಮೇಲೆ ಮಾಡು, ಒಂದು ಕಡೆ ಗೋಡೆ, ಒಂದು ಕಡೆ ಪೂರ್ತಿ ತೆರೆದ ಅಂಗಳ. ಬೆಳಕು ಪಕ್ಕದಿಂದ ಮೆತ್ತಗೆ ಬರುತ್ತದೆ. ಒಂದು ಹಿತ್ತಾಳೆ ಚೊಂಬನ್ನು ನಡುವೆ ಇಟ್ಟು ಮೂರು ಫೋಟೋ ತೆಗೆಸಿ. ಬೆಳಕು ನಮ್ಮ ಬೆನ್ನಿಗಿದ್ದಾಗ ಒಂದು, ಪಕ್ಕದಲ್ಲಿದ್ದಾಗ ಒಂದು, ಚೊಂಬಿನ ಹಿಂದಿದ್ದಾಗ ಒಂದು. ಮೂರನ್ನೂ ಪಕ್ಕ ಪಕ್ಕ ನೋಡಲಿ. ಬೆನ್ನ ಹಿಂದಿನ ಬೆಳಕಲ್ಲಿ ಚೊಂಬು ಚಪ್ಪಟೆ. ಪಕ್ಕದ ಬೆಳಕಲ್ಲಿ ಅದಕ್ಕೆ ಹೊಟ್ಟೆ ಬಂತು. ಹಿಂದಿನ ಬೆಳಕಲ್ಲಿ ಬರೀ ಅಂಚು ಹೊಳೆಯಿತು. ಆಮೇಲೆ ಚೊಂಬಿನ ಜಾಗದಲ್ಲಿ ಅಜ್ಜಿಯನ್ನೋ ತಮ್ಮನನ್ನೋ ಕೂರಿಸಿ ಅದನ್ನೇ ಮಾಡಿಸಿ.

ಫೋನಿನಲ್ಲಿ ಕಲಿಸಬೇಕಾದ ತಂತ್ರ ಮೂರೇ. ಯಾವುದು ಮುಖ್ಯವೋ ಅದನ್ನು ಬೆರಳಿನಿಂದ ಮುಟ್ಟುವುದು. ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಎಳೆದು ಬೆಳಕು ಹೆಚ್ಚುಕಡಿಮೆ ಮಾಡುವುದು. ಝೂಮ್ ಮಾಡುವ ಬದಲು ಹತ್ತಿರ ನಡೆಯುವುದು. ಆಕಾಶದ ಎದುರು ನಿಂತವರ ಮುಖ ಕಪ್ಪಾದರೆ ಮುಖವನ್ನು ಮುಟ್ಟಬೇಕು. ಕಪ್ಪು ಮರದ ಮುಂದೆ ಕೂತ ಬೆಳ್ಳಕ್ಕಿ ಸುಣ್ಣದ ಉಂಡೆ ಹಾಗೆ ಬಂದರೆ ಬೆಳಕು ಇಳಿಸಬೇಕು. ಇಬ್ಬನಿ ಬೂದಿ ಬಣ್ಣಕ್ಕೆ ತಿರುಗಿದರೆ ಸ್ವಲ್ಪ ಏರಿಸಬೇಕು. ತೋಟದೊಳಗೆ ಮಧ್ಯಾಹ್ನ ಮುಖದ ಮೇಲೆ ಬಿಸಿಲು ನೆರಳಿನ ಚುಕ್ಕೆ ಬೀಳುತ್ತದಲ್ಲ, ಅದಕ್ಕೆ ಫೋನಿನಲ್ಲಿ ಮದ್ದಿಲ್ಲ, ಜನರನ್ನು ಪೂರ್ತಿ ನೆರಳಿಗೆ ಕರೆದು ನಿಲ್ಲಿಸಬೇಕು.

ಮೂರನೇ ದಿನ: ಹತ್ತೇ ಫೋಟೋ

ಒಂದು ಹಾಳೆಯಲ್ಲಿ ಹತ್ತು ಚೌಕ ಬರೆದುಕೊಡಿ. ಒಂದು ಫೋಟೋ ತೆಗೆದರೆ ಒಂದು ಚೌಕಕ್ಕೆ ಗೀಟು. ಹತ್ತಾದರೆ ಮುಗಿಯಿತು, ಡಿಲೀಟ್ ಮಾಡಿ ಮತ್ತೆ ತೆಗೆಯುವ ಹಾಗಿಲ್ಲ. ಮಕ್ಕಳು ಮೊದಲು ಗಲಾಟೆ ಮಾಡುತ್ತಾರೆ. ಅವಾಗ ನಾನು ಬ್ರೌನಿ ಕ್ಯಾಮೆರಾದ ಕತೆ ಹೇಳುತ್ತೇನೆ. 1900ರಲ್ಲಿ ಕೊಡಾಕ್ ಕಂಪನಿ ರಟ್ಟಿನ ಪೆಟ್ಟಿಗೆಯಂಥ ಕ್ಯಾಮೆರಾ ಮಾಡಿ, ಒಂದು ಡಾಲರಿಗೆ ಮಾರಿತು, ಅದೂ ಮಕ್ಕಳನ್ನೇ ಮನಸ್ಸಲ್ಲಿಟ್ಟುಕೊಂಡು. ಅದರ ಒಂದು ರೋಲಿಗೆ ಆರೇ ಫೋಟೋ. ನಿಮ್ಮ ಅಪ್ಪಂದಿರ ಕಾಲದ ರೋಲಿನಲ್ಲಿ ಮೂವತ್ತಾರು, ಅದೂ ಒಂದು ಮದುವೆ, ಒಂದು ಪ್ರವಾಸ, ಒಂದು ಹಬ್ಬಕ್ಕೆ ಸಾಲಬೇಕು. ನಿಮಗೆ ಹತ್ತು ಇದೆ ಅಲ್ವಾ ಅಂದರೆ ಒಪ್ಪುತ್ತಾರೆ.

ಈ ಹತ್ತು ಏನು ಮಾಡುತ್ತದೆ ಅಂತ ಕಣ್ಣಾರೆ ನೋಡಿದ್ದೇನೆ. ಎರಡು ವರ್ಷದ ಹಿಂದೆ ಒಬ್ಬಳು ಹುಡುಗಿಗೆ ಕೊನೇ ಒಂದು ಚೌಕ ಉಳಿದಿತ್ತು. ಕೊಟ್ಟಿಗೆಯ ಬಾಗಿಲಲ್ಲಿ ಬೆಕ್ಕು ಮಲಗಿತ್ತು. ಅವಳು ತೆಗೆಯಲಿಲ್ಲ, ಮಣ್ಣಿನ ಮೇಲೆ ಹೊಟ್ಟೆ ಊರಿ ಮಲಗಿ ಕಾದಳು. ಫೋನು ನೆಲಕ್ಕೆ ತಾಗಿತ್ತು. ಕಾಲು ಗಂಟೆ ಆಯಿತೇನೋ, ಒಳಗಿಂದ ಕರು ಮೂತಿ ಚಾಚಿ ಬೆಕ್ಕಿನ ಬೆನ್ನು ಮೂಸಿತು. ಅವಳು ಒಂದು ಸಲ ಒತ್ತಿದಳು, ಎದ್ದು ಲಂಗ ಕೊಡವಿಕೊಂಡು ಹಾಳೆಗೆ ಗೀಟು ಎಳೆದಳು. ಫೋಟೋ ಬಂದಿದೆಯಾ ಅಂತ ನೋಡಲೂ ಇಲ್ಲ, ಬಂದಿದೆ ಅಂತ ಅವಳಿಗೆ ಗೊತ್ತಿತ್ತು.

ಕಂಪೋಸಿಷನ್, ಅಂದರೆ ಫೋಟೋದೊಳಗೆ ಯಾವುದನ್ನು ಎಲ್ಲಿ ಇಡುವುದು ಅನ್ನುವುದರ ಬಗ್ಗೆ ಜಾಸ್ತಿ ಹೇಳಬೇಡಿ. ಗ್ರಿಡ್ ಗೆರೆ ಕೂಡುವ ಜಾಗದಲ್ಲಿ ಮುಖ್ಯವಾದದ್ದನ್ನು ಇಟ್ಟು ನೋಡಿ ಅನ್ನಿ, ಸಾಕು. ಅದಕ್ಕಿಂತ ಮುಖ್ಯ ಎತ್ತರ. ಕರುವಿನ ಫೋಟೋಗೆ ಕರುವಿನ ಕಣ್ಣಿನ ಎತ್ತರಕ್ಕೆ ಕೂರಬೇಕು. ದೊಡ್ಡವರಿಗೆ ಮಂಡಿ ನೋವು, ಮಕ್ಕಳಿಗೆ ಅದು ಸಲೀಸು. ಮತ್ತೆ, ಒತ್ತುವ ಮೊದಲು ನಾಲ್ಕೂ ಅಂಚು ನೋಡುವ ಅಭ್ಯಾಸ. ಬಟ್ಟೆ ಒಣಗಿಸುವ ತಂತಿ, ಪ್ಲಾಸ್ಟಿಕ್ ಬಕೆಟ್, ಬೈಕಿನ ಚಕ್ರ ಅಂಚಿನಿಂದಲೇ ಒಳಗೆ ನುಗ್ಗುವುದು.

ಶಟರ್ ಅಂದರೇನು ಅಂತ ತೋರಿಸಲು ಸೂರಿನ ನೀರು ಸಾಕು. ಮಳೆ ಬಂದರೆ ಸರಿ, ಬರದಿದ್ದರೆ ಮಾಡಿನ ಮೇಲೆ ಪೈಪಿನಿಂದ ನೀರು ಬಿಡಿ. ಡಿಎಸ್ಎಲ್ಆರ್ ಇದ್ದರೆ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕೆ ಇಟ್ಟು ತೆಗೆಯಿರಿ, ಹನಿಹನಿ ಗಾಳಿಯಲ್ಲಿ ನಿಂತಿರುತ್ತದೆ. ಬೆಂಚಿನ ಮೇಲೆ ಅಲುಗದ ಹಾಗೆ ಇಟ್ಟು ಎಂಟನೇ ಒಂದು ಸೆಕೆಂಡಿಗೆ ತೆಗೆಯಿರಿ, ಅದೇ ನೀರು ದಾರದ ಎಳೆ ಆಗುತ್ತದೆ. ಬರೀ ಫೋನ್ ಇದ್ದರೆ ಒಂದನ್ನು ಬಿಸಿಲಲ್ಲಿ, ಒಂದನ್ನು ಮುಸ್ಸಂಜೆಯಲ್ಲಿ ತೆಗೆಸಿ, ವ್ಯತ್ಯಾಸ ತಾನೇ ಕಾಣುತ್ತದೆ.

ನಾಲ್ಕನೇ ದಿನ: ಹೊರಗೆ

ಎಲ್ಲರೂ ಜೋಗಕ್ಕೆ ಹೋಗೋಣ ಅನ್ನುತ್ತಾರೆ. ನಾನು ಬೇಡ ಅನ್ನುತ್ತೇನೆ. 253 ಮೀಟರ್ ಎತ್ತರದಿಂದ ಬೀಳುವ ನೀರನ್ನು ದೂರದಿಂದ, ಒಂದೇ ಕಟಾಂಜನದ ಪಕ್ಕ ನಿಂತು ಹನ್ನೆರಡು ಮಕ್ಕಳು ತೆಗೆದರೆ ಹನ್ನೆರಡೂ ಒಂದೇ ಫೋಟೋ. ಆಗುಂಬೆ ಸೂರ್ಯಾಸ್ತವೂ ಅಷ್ಟೇ.

ಶಿವಮೊಗ್ಗದವರಾದರೆ ತೀರ್ಥಹಳ್ಳಿ ರಸ್ತೆ ಹಿಡಿಯಿರಿ. ಸುಮಾರು 14 ಕಿಲೋಮೀಟರಿಗೆ ಸಕ್ರೆಬೈಲು ಆನೆ ಬಿಡಾರ. ಬೆಳಗ್ಗೆ ತುಂಗೆಯ ಹಿನ್ನೀರಿನಲ್ಲಿ ಆನೆಗಳಿಗೆ ಸ್ನಾನ ಮಾಡಿಸುತ್ತಾರೆ. ಪೂರ್ತಿ ಆನೆ ಬೇಡ, ಕಣ್ಣು, ಉಗುರು, ಮಾವುತರ ಕೈ, ಒದ್ದೆ ಚರ್ಮದ ಮೇಲಿನ ಬೆಳಕು ತೆಗೆಯಿರಿ ಅಂತ ಹೇಳಿ. ಮಾವುತರನ್ನು ಕೇಳದೆ ಒಂದು ಹೆಜ್ಜೆಯೂ ಮುಂದಿಡಬಾರದು, ಫ್ಲ್ಯಾಶ್ ಅಂತೂ ಬೇಡವೇ ಬೇಡ. ಅದೇ ರಸ್ತೆಯಲ್ಲಿ ಇನ್ನೂ ಮುಂದೆ, ಶಿವಮೊಗ್ಗದಿಂದ ಸುಮಾರು 30 ಕಿಲೋಮೀಟರಿಗೆ ಮಂಡಗದ್ದೆ. ಮಳೆಗಾಲದಲ್ಲಿ ಹೊಳೆ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟುತ್ತವೆ. ಫೋನಿನಲ್ಲಿ ಹಕ್ಕಿ ಅಕ್ಕಿಕಾಳಿನಷ್ಟು ಬರುತ್ತದೆ. ಒಂದು ಬೈನಾಕ್ಯುಲರ್ ಒಯ್ದು, ಅದರ ಕಣ್ಣಿಗೆ ಫೋನಿನ ಲೆನ್ಸ್ ಜೋಡಿಸಿ ಹಿಡಿಸಿ, ಹಕ್ಕಿ ಹತ್ತಿರ ಬರುತ್ತದೆ. ಗೂಡಿನ ಹತ್ತಿರ ಹೋಗಿ ತೆಗೆಯುವುದು ಎಲ್ಲಿಯೂ ಬೇಡ. ತಾಯಿ ಹಾರಿ ಹೋದರೆ ಮೊಟ್ಟೆ, ಮರಿ ಕದಿಯಲು ಕಾಗೆ ಕಾಯುತ್ತಿರುತ್ತದೆ.

ದೂರ ಹೋಗಲಾಗದಿದ್ದರೆ ಬೇಸರ ಬೇಡ. ನನ್ನ ಕ್ಲಾಸಿನ ಅತಿ ಒಳ್ಳೆಯ ಫೋಟೋಗಳು ಬಂದದ್ದು ಪಕ್ಕದ ಮನೆಯ ಅಡಿಕೆ ಅಂಗಳದಿಂದ. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು ಅಡಿಕೆ ಸುಲಿಯುವವರ ಕೈಗಳು, ಚೊಗರಿನ ಬಣ್ಣ ಹಿಡಿದ ಬೆರಳುಗಳು, ಬೇಯಿಸುವ ಹಂಡೆಯಿಂದ ಏಳುವ ಹಬೆ. ಎಳೇ ಬಿಸಿಲು ಹಬೆಯ ಹಿಂದಿನಿಂದ ಬರುವ ಹಾಗೆ ನಿಲ್ಲಿ ಅಂತಷ್ಟೇ ಹೇಳಿದ್ದೆ. ಪೇಟೆಯ ಮಕ್ಕಳಿದ್ದರೆ ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆಯ ಮರದ ಕಂಬಗಳ ನಡುವೆ ಬೆಳಕು ನೆರಳು ನೋಡಿಸಿ, ಇಲ್ಲ ಅಲ್ಲಿನ ಗಾಂಧಿ ಬಜಾರಿನ ಹೂವಿನ ಅಂಗಡಿಗಳ ಹತ್ತಿರ ಒಂದು ಗಂಟೆ ಕಳೆಯಿರಿ.

ಕೇಳಿಯೇ ತೆಗೆಯಬೇಕು. "ಅಜ್ಜಿ, ಒಂದು ಫೋಟೋ ತೆಗೀಲಾ?" ಅನ್ನುವುದನ್ನು ಮೊದಲೇ ಜಗಲಿಯಲ್ಲಿ ಅಭ್ಯಾಸ ಮಾಡಿಸಿ, ನಾಚಿಕೆ ಬಿಡುತ್ತದೆ. ಬೇಡ ಅಂದರೆ ಬೇಡ. ತೆಗೆದ ಮೇಲೆ ಅವರಿಗೆ ತೋರಿಸಬೇಕು.

ಜಾಗ್ರತೆಯ ವಿಷಯ: ನಡೆಯುವಾಗ ಫೋನ್ ನೋಡಬಾರದು, ನಿಂತು ತೆಗೆಯಬೇಕು. ಹೊಳೆಯ ಅಂಚಿಗೆ, ಪಾಚಿ ಕಟ್ಟಿದ ಕಲ್ಲಿನ ಮೇಲೆ ಯಾರೂ ಇಳಿಯಬಾರದು, ಇಬ್ಬರು ದೊಡ್ಡವರಲ್ಲಿ ಒಬ್ಬರ ಕೆಲಸ ಅದನ್ನು ಕಾಯುವುದಷ್ಟೇ. ಉಂಬಳಕ್ಕೆ (ಜಿಗಣೆಗೆ) ಒಂದು ಬಟ್ಟೆಗಂಟಿನಲ್ಲಿ ಉಪ್ಪು ಇಟ್ಟುಕೊಳ್ಳಿ.

ಕೊನೆಯ ದಿನ: ಆರಿಸುವುದು, ಹಗ್ಗಕ್ಕೆ ನೇತುಹಾಕುವುದು

ಪ್ರತಿ ಮಗುವೂ ತನ್ನದರಲ್ಲಿ ಮೂರು ಆರಿಸಲಿ. "ಯಾವುದು ಚೆನ್ನಾಗಿದೆ" ಅಂತ ಕೇಳಬೇಡಿ, "ಇದರಲ್ಲಿ ನಿನಗೆ ಏನು ಕಾಣುತ್ತದೆ, ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ" ಅಂತ ಕೇಳಿ. ತಿದ್ದುವುದು ಅಂದರೆ ಅಂಚು ಕತ್ತರಿಸುವುದು, ಬೆಳಕು ಸ್ವಲ್ಪ ಸರಿಮಾಡುವುದು, ಅಷ್ಟೇ, ಫಿಲ್ಟರ್ ಬೇಡ. ಬಹುಮಾನ ಖಂಡಿತ ಬೇಡ. ಒಂದು ವರ್ಷ ಕೊಟ್ಟಿದ್ದೆ, ಬಹುಮಾನ ಸಿಗದ ಒಬ್ಬ ಹುಡುಗ ಮರುವರ್ಷ ಬರಲೇ ಇಲ್ಲ.

ಫೋಟೋಗಳನ್ನು ಸ್ಟುಡಿಯೋಗೆ ಕಳಿಸುವಾಗ ವಾಟ್ಸಾಪಿನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ ಅಥವಾ ಪೆನ್‌ಡ್ರೈವ್ ಒಯ್ಯಿರಿ. ಮಗುವಿಗೆ ಒಂದರಂತೆ ಸ್ವಲ್ಪ ದೊಡ್ಡ ಪ್ರಿಂಟು ಹಾಕಿಸಿ. ಜಗಲಿಯ ಕಂಬದಿಂದ ಕಂಬಕ್ಕೆ ಹುರಿಹಗ್ಗ ಕಟ್ಟಿ ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸಿ. ಕೆಳಗೆ ಮಗು ತನ್ನ ಕೈಯಾರೆ ಒಂದು ಸಾಲು ಬರೆಯಲಿ, ತಪ್ಪಿದ್ದರೂ ತಿದ್ದಬೇಡಿ. ಅಪ್ಪ ಅಮ್ಮಂದಿರ ಜೊತೆಗೆ ಫೋಟೋದಲ್ಲಿ ಇರುವವರನ್ನೂ ಕರೆಯಿರಿ. ಅಡಿಕೆ ಸುಲಿಯಲು ಬರುವ ಒಬ್ಬರು ಅಮ್ಮ ತಮ್ಮ ಕೈಯ ಫೋಟೋ ಮುಂದೆ ಬಹಳ ಹೊತ್ತು ನಿಂತಿದ್ದರು, ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, "ಇದು ನಂದೇನಾ?" ಅಂತ ಆ ಹುಡುಗನನ್ನು ಕೇಳಿದರು. ಅವನು ಕ್ಲಿಪ್ ತೆಗೆದು ಫೋಟೋ ಅವರ ಕೈಗೇ ಕೊಟ್ಟ. ಅದಕ್ಕೇ ಈಗ ಎಲ್ಲ ಪ್ರಿಂಟೂ ಎರಡೆರಡು ಹಾಕಿಸುತ್ತೇನೆ, ನೀವೂ ಹಾಗೇ ಮಾಡಿ.